ಬಕುಳದ ಬುಡದ ಹೊದಿಕೆ

"ಬುದ್ಧಿ, ಹೆತ್ತ ತಾಯಿಯ ಮುಖವನ್ನೇ ಮರೆತವನಿಗೆ ಏನು ಪ್ರಾಯಶ್ಚಿತ್ತ?"

ಶಿಷ್ಯ ಗುರುಶಾಂತ ಹೀಗೆ ಕೇಳಿದಾಗ ಮಠದ ಜಗಲಿಯ ಮೇಲೆ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಮಾಘದ ಚಳಿ. ಗುರುಗಳು ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದರು. ಗುರುಶಾಂತ ಒಳಗಿನಿಂದ ಕಂಬಳಿ ತಂದು ಅವರ ಕಾಲಿಗೆ ಹೊದಿಸಿ, ಅಂಚನ್ನು ಎರಡೂ ಹಿಮ್ಮಡಿಗಳ ಕೆಳಗೆ ಮಡಚಿ ಸಿಕ್ಕಿಸಿ, ಪಕ್ಕದಲ್ಲಿ ಕುಳಿತು ಕೇಳಿದ್ದ.

"ನೀನು ಮರೆತೆ ಎಂದು ಯಾರು ಹೇಳಿದರು?" ಎಂದರು ಗುರುಗಳು.

"ನಾನೇ ಹೇಳುತ್ತಿದ್ದೇನೆ. ತಾಯಿ ತೀರಿಕೊಂಡು ವರ್ಷ ತುಂಬುತ್ತ ಬಂತು. ಅವಳದೊಂದು ಕಲ್ಲಿನ ಮೂರ್ತಿ ಮಾಡಿಸಬೇಕೆಂದು ಶಿಲ್ಪಿಯ ಹತ್ತಿರ ಹೋದೆ. ಮೂಗು ಹೇಗಿತ್ತು ಎಂದು ಕೇಳಿದ. ಗಲ್ಲ ಹೇಗಿತ್ತು ಎಂದು ಕೇಳಿದ. ನನಗೆ ಹೇಳಲು ಬರಲಿಲ್ಲ ಬುದ್ಧಿ. ಕಣ್ಣು ಮುಚ್ಚಿದರೆ ಸೀರೆಯ ಬಣ್ಣ ಬರುತ್ತದೆ, ಮುಖ ಬರುವುದಿಲ್ಲ. ಎಂಥ ಮಗ ನಾನು!" ಗುರುಶಾಂತ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

"ಆಯಿತು, ಅಳುವುದನ್ನು ಆಮೇಲೆ ಅಳುವೆಯಂತೆ. ಈಗ ಒಂದು ಕತೆ ಕೇಳು. ನಡುವೆ ಬಾಯಿ ಹಾಕಿದೆಯೋ, ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ" ಎಂದು ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಅಂಗಡಿಯ ಹಿತ್ತಾಳೆ ಕೊಡದಲ್ಲಿ ಮುಖ ನೋಡಿಕೊಂಡು ಹೆಂಗಸರು ಕುಂಕುಮ ಇಟ್ಟುಕೊಳ್ಳಬಹುದಿತ್ತು. ಅಷ್ಟು ಹೊಳಪು. ಎಲ್ಲಾದರೂ ಒಂದು ಕಲೆ ಕಂಡರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಇಂಥವನಿಗೆ ದೇವರು ಎಂಥ ಹೆಂಡತಿಯನ್ನು ಗಂಟು ಹಾಕಿದ, ಕೇಳು.

ಅವಳು ಮದುವೆಯಾಗಿ ಬಂದ ವರ್ಷವೇ ಅಂಗಳದಲ್ಲಿ ಒಂದು ಬಕುಳದ ಸಸಿ ನೆಟ್ಟಳು. ಕೆಲವರು ರೆಂಜೆ ಎನ್ನುತ್ತಾರಲ್ಲ, ಅದೇ. ಅದರ ಹೂವನ್ನು ಕೊಂಬೆಯಿಂದ ಕೀಳುವ ಹಾಗಿಲ್ಲ. ತಾನಾಗಿ ಉದುರಬೇಕು, ನಾವು ಬಗ್ಗಿ ಆಯಬೇಕು. ಒಣಗಿದ ಮೇಲೂ ಪರಿಮಳ ಬಿಡದ ಹೂವು ಅದು.

ಆ ಬೀದಿಯ ಹೆಂಗಸರೆಲ್ಲ ಬೆಳಗ್ಗೆ ಎದ್ದು ಅಂಗಳ ಗುಡಿಸುತ್ತಿದ್ದರು. ಉದುರಿದ ಎಲೆಯನ್ನು ಬೀದಿಯ ಮೂಲೆಗೆ ತಳ್ಳಿ ಬೆಂಕಿ ಹಚ್ಚುತ್ತಿದ್ದರು. ಆಮೇಲೆ ಸಗಣಿ ನೀರು, ರಂಗೋಲಿ. ಇವಳೂ ಗುಡಿಸುತ್ತಿದ್ದಳು. ಆದರೆ ಇವಳ ಪೊರಕೆ ಬೀದಿಯ ಕಡೆಯಿಂದ ಮರದ ಕಡೆಗೆ ಬರುತ್ತಿತ್ತು. ಎಲೆಯನ್ನೆಲ್ಲ ಮರದ ಸುತ್ತ ಹರಡಿ, ಮೇಲೊಂದಿಷ್ಟು ನೀರು ಚಿಮುಕಿಸಿ ಒಳಗೆ ಹೋಗುತ್ತಿದ್ದಳು. ರಂಗೋಲಿಯನ್ನು ಹೊಸ್ತಿಲಿಗೆ ಹಾಕುತ್ತಿದ್ದಳು. ನಸುಕಿನಲ್ಲಿ ಹೂವು ಆ ಎಲೆಗಳ ಮೇಲೆ ಬೀಳುತ್ತಿತ್ತು. ಮಣ್ಣು ತಾಗದ ಹೂವನ್ನು ಅವಳು ಬುಟ್ಟಿ ತುಂಬ ಆಯುತ್ತಿದ್ದಳು.

ವ್ಯಾಪಾರಿಗೆ ಇದು ಕಣ್ಣಿಗೆ ಬಿದ್ದ ಕಸದಂತೆ. ದಿನವೂ ಒಂದೇ ರಗಳೆ.

"ಏನೇ ಇದು, ಮನೆಯ ಮುಂದೆ ತಿಪ್ಪೆ ಮಾಡಿಟ್ಟಿದ್ದೀಯಲ್ಲ! ಬಂದವರು ಏನೆಂದುಕೊಂಡಾರು?"

"ಹೊದಿಕೆ ನಿಮಗೊಬ್ಬರಿಗೇ ಬೇಕೇನು? ಅದಕ್ಕೂ ಒಂದಿರಲಿ ಬಿಡಿ" ಎಂದು ಅವಳು ನಗುತ್ತಿದ್ದಳು.

ಮರ ಬೆಳೆಯಿತು. ಮಕ್ಕಳಾಗಲಿಲ್ಲ. ಒಂದು ಮಳೆಗಾಲ ಅವಳಿಗೆ ಜ್ವರ ಬಂತು, ಹೋಗಿಬಿಟ್ಟಳು. ಮಾತನಾಡಿಸಲು ಬಂದವರಲ್ಲಿ ಯಾರೋ ಒಬ್ಬಳು ಬಾಗಿಲ ಬಳಿ ಪಿಸುಗುಟ್ಟಿದಳು: "ಪಾಪ, ಬಂಗಾರದಂಥ ಹೆಂಗಸು. ಅಂಗಳ ಒಂದು ಚೊಕ್ಕಟ ಇಟ್ಟುಕೊಳ್ಳುತ್ತಿರಲಿಲ್ಲ, ಅಷ್ಟೇ."

ಆ ಮಾತು ವ್ಯಾಪಾರಿಯ ಎದೆಗೆ ನಾಟಿತು. ತಾನು ಇಷ್ಟು ವರ್ಷ ಅದನ್ನೇ ಆಡಿದ್ದವನು! ಆದರೂ ಬೇರೆಯವರ ಬಾಯಲ್ಲಿ ಕೇಳಿದಾಗ ಸಹಿಸಲಾಗಲಿಲ್ಲ. ಸತ್ತ ಮೇಲೆ ಇವಳ ಹೆಸರಿಗೆ ಒಂದು ಚೂರೂ ಕಸ ಅಂಟಬಾರದು ಎಂದು ಹಟ ಹಿಡಿದ.

ಆಳುಗಳನ್ನು ಕರೆಸಿ ಬುಡದ ಎಲೆಯನ್ನೆಲ್ಲ ಬಾಚಿ ತೆಗೆಸಿದ. ಎಲೆಯ ಕೆಳಗೆ ಕಪ್ಪು ಮಣ್ಣು ಮೆತ್ತಗೆ ಮೊಳದಷ್ಟು ಆಳಕ್ಕೆ ಇತ್ತು. ಅದನ್ನೂ ಬಗೆಸಿ ಗಾಡಿಗೆ ಹೇರಿಸಿ ಊರ ಹೊರಗಿನ ತಗ್ಗಿಗೆ ಸುರಿಸಿದ. ಆಮೇಲೆ ಕಲ್ಲಿನ ಗಣಿಗೆ ತಾನೇ ಹೋದ. ಕಂಚಿನ ತಂಬಿಗೆ ತಟ್ಟಿ ನೋಡುವ ಹಾಗೆ ಒಂದೊಂದು ಚಪ್ಪಡಿಯನ್ನೂ ತಟ್ಟಿ, ಗಣಗಣ ಎಂದದ್ದನ್ನು ಮಾತ್ರ ಆರಿಸಿದ. ಬಿಳಿಗಲ್ಲು, ಬಿರುಕಿಲ್ಲ, ಕಲೆಯಿಲ್ಲ. ಕಲ್ಲು ಒಳ್ಳೆಯದೇ, ಅದರಲ್ಲಿ ಅವನಿಗೆ ಮೋಸ ಮಾಡುವವರು ಹುಟ್ಟಿರಲಿಲ್ಲ. ಎಲ್ಲಿ ಹಾಕುತ್ತಿದ್ದೇನೆ ಎಂಬುದನ್ನು ಮಾತ್ರ ನೋಡಲಿಲ್ಲ. ಬೀದಿಯಿಂದ ಹೊಸ್ತಿಲವರೆಗೆ, ಮರದ ತೊಗಟೆಗೆ ತಾಗುವ ತನಕ ಕಲ್ಲು ಹಾಸಿಸಿದ. ಸಂದುಗಳಿಗೆಲ್ಲ ಗಾರೆ ತುಂಬಿಸಿದ.

ಬೀದಿಗೆ ಬೀದಿಯೇ ಬಂದು ನೋಡಿತು. ಅರಮನೆಯ ಅಂಗಳ ಎಂದರು. "ನನ್ನ ಹೆಂಡತಿಯ ಅಂಗಳ" ಎಂದು ಇವನು ಕಣ್ಣೊರೆಸಿಕೊಂಡ. ದಿನಾ ಬೆಳಗ್ಗೆ ತಾನೇ ಕೊಡ ಹೊತ್ತು ಕಲ್ಲು ತೊಳೆಯುತ್ತಿದ್ದ. ಒಂದು ಎಲೆ ಬಿದ್ದರೆ ಓಡಿ ಹೋಗಿ ಎತ್ತುತ್ತಿದ್ದ.

ಬೇಸಿಗೆ ಬಂತು. ಕಲ್ಲು ಕಾಯಿತು. ಉದುರಿದ ಹೂವು ಬಿಸಿಲೇರುವ ಹೊತ್ತಿಗೆ ಜೀರಿಗೆಯಷ್ಟಾಗಿ ಕಪ್ಪಾಗುತ್ತಿತ್ತು. ಆಮೇಲೆ ಹೂವೇ ನಿಂತಿತು. ಎಲೆಗಳು ಅಂಚಿನಿಂದ ಒಣಗತೊಡಗಿದವು. ಅವಳ ಕೈಯಿಂದಾದ ಒಂದೇ ಜೀವ ಅವನಿಗೆ ಉಳಿದದ್ದು ಅದು.

ಆಗ ಅವನಿಗೆ ಒಂದು ಕನಸು ಬಿತ್ತು. ಹೆಂಡತಿ ಬುಟ್ಟಿ ಹಿಡಿದು ಅಂಗಳದ ಆಚೆ ಬೀದಿಯಲ್ಲಿ ನಿಂತಿದ್ದಾಳೆ. ಅಂಗಳವೆಲ್ಲ ಬೆಳ್ಳಗೆ, ಬೆಳದಿಂಗಳೋ ಕಲ್ಲೋ ತಿಳಿಯದು. "ಬಾ, ನಿನಗೋಸ್ಕರ ಹಾಸಿಸಿದ್ದೇನೆ" ಎಂದು ಇವನು ಕರೆದ. ಅವಳು ಒಂದು ಕಾಲು ಮುಂದಿಟ್ಟಳು, ಹಿಂದೆ ತೆಗೆದಳು.

"ಬರುತ್ತೇನೆ. ಎಲ್ಲಿ ಕಾಲಿಡಲಿ?" ಎಂದಳು.

ಇವನು ಕೈ ಚಾಚುವಷ್ಟರಲ್ಲಿ ಬೀದಿ ಖಾಲಿಯಾಗಿತ್ತು.

ಎದ್ದವನೇ ಹಾರೆ ತೆಗೆದುಕೊಂಡು ಬುಡದ ಒಂದು ಚಪ್ಪಡಿ ಮೀಟಿದ. ಕೆಳಗಿನ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಹುಡುಕಿದರೂ ಒಂದು ಎರೆಹುಳು ಇಲ್ಲ. "ಅಯ್ಯೋ, ನಾನೇ ಕೊಂದೆನಲ್ಲ" ಎಂದು ಕೂಗಿಕೊಂಡು ಕಲ್ಲನ್ನೆಲ್ಲ ಕಿತ್ತು ಗೋಡೆಯ ಬದಿಗೆ ಎಸೆದ.

ಇನ್ನು ಪ್ರೀತಿ ಉಕ್ಕಿತು ನೋಡು ಅವನಿಗೆ! ತಪ್ಪು ಮಾಡಿದ ಗಂಡಸಿನ ಪ್ರೀತಿ, ಅದಕ್ಕೆ ಹಿಡಿತವುಂಟೇ? ಬೀದಿಯ ಮೂಲೆಗಳಿಂದ ತರಗೆಲೆ ತಂದ. ಗಾಡಿ ತುಂಬ ಕಬ್ಬಿನ ಸೋಗೆ ತರಿಸಿದ. ತೆಂಗಿನ ನಾರು, ಕಡಲೆಕಾಯಿ ಸಿಪ್ಪೆ, ಕೈಗೆ ಸಿಕ್ಕಿದ್ದೆಲ್ಲ ತಂದು ಮರದ ಸುತ್ತ ಸುರಿದು, ಕಾಂಡಕ್ಕೆ ಒತ್ತಿ ಒತ್ತಿ ಎದೆಮಟ್ಟ ಏರಿಸಿದ. ಅದರ ಮೇಲೆ ಮಳೆಗಾಲ ಬಂತು. ರಾಶಿ ನೆನೆಯಿತು, ಒಳಗೊಳಗೇ ಬೆಚ್ಚಗಾಗಿ ಹೊಗೆಯಾಡಿತು. ಬೇಸಿಗೆಯಲ್ಲಿ ಬೋಳಾದ ಕೊಂಬೆಗಳು ಚಿಗುರಲಿಲ್ಲ.

ಅಷ್ಟರಲ್ಲಿ ಅವನ ಅಕ್ಕ ತಮ್ಮನನ್ನು ನೋಡಲು ಬಂದಳು. ಸೆರಗು ಸಿಕ್ಕಿಸಿ ರಾಶಿಯೊಳಗೆ ಕೈ ಹಾಕಿ ಕಾಂಡವನ್ನು ಮುಟ್ಟಿದಳು. ತೊಗಟೆ ಮೆತ್ತಗಾಗಿ ಅವಳ ಬೆರಳಿಗೆ ಅಂಟಿಕೊಂಡು ಬಂತು.

"ಅಯ್ಯೋ ತಮ್ಮಾ, ಚಳಿಯಾಗುತ್ತದೆ ಎಂದು ಯಾರಾದರೂ ಮೂಗು ಬಾಯಿ ಸೇರಿಸಿ ಕಂಬಳಿ ಹೊದಿಸುತ್ತಾರೇನೋ? ನಿನ್ನ ಹೆಂಡತಿ ಬುಡದ ಸುತ್ತ ಒಂದು ಗೇಣು ಬಿಟ್ಟೇ ಎಲೆ ಹರಡುತ್ತಿದ್ದಳು. ನಾನು ಬಂದಾಗಲೆಲ್ಲ ನೋಡಿದ್ದೇನೆ. ದಿನವೂ ಇದ್ದವನು ನೀನು, ನೋಡಲಿಲ್ಲವೇ?"

"ನಾನು ಕಸವನ್ನು ಮಾತ್ರ ನೋಡಿದೆ, ಅಕ್ಕ" ಎಂದ ಅವನು.

ಇಬ್ಬರೂ ಸೇರಿ ರಾಶಿಯನ್ನು ಹಿಂದಕ್ಕೆ ಎಳೆದರು. ಕಾಂಡಕ್ಕೆ ಗಾಳಿಯಾಡಿತು. ಎಲೆಯನ್ನು ಬೇರು ಹೋದಷ್ಟು ದೂರ ತೆಳ್ಳಗೆ ಹರಡಿದರು. ಕಲ್ಲುಗಳನ್ನು ಊರಾಚೆ ಸಾಗಿಸುತ್ತೇನೆ ಎಂದು ವ್ಯಾಪಾರಿ ಸಿಡಿಮಿಡಿಗೊಂಡ. "ಕಲ್ಲು ಏನು ತಪ್ಪು ಮಾಡಿತೋ? ನಡೆಯುವವರಿಗೆ ಕಲ್ಲು ಬೇಡವೇ?" ಎಂದು ಅಕ್ಕ ಗದರಿ ತನ್ನೂರಿಗೆ ಹೋದಳು.

ಅವನು ಬೀದಿಯಿಂದ ಹೊಸ್ತಿಲವರೆಗೆ, ಮರವನ್ನು ಬಳಸಿಕೊಂಡು, ಹೆಜ್ಜೆಗೊಂದರಂತೆ ಬಿಡಿಬಿಡಿಯಾಗಿ ಕಲ್ಲು ಹೂಳಿದ. ಹೂಳಿ ನಡೆದು ನೋಡಿದ. ಹೆಜ್ಜೆ ಇವನದಾಗಿತ್ತು, ಅವಳದಲ್ಲ. ಅವಳ ಹೆಜ್ಜೆ ಎಷ್ಟಿತ್ತು? ನೆನಪಾಗಲಿಲ್ಲ. ಅಂಗಡಿಯಿಂದ ಒಂದು ಕೊಡ ತಂದು ನೀರು ತುಂಬಿ ಅವಳಂತೆ ಸೊಂಟದ ಮೇಲೆ ಇಟ್ಟುಕೊಂಡು ನಡೆದ. ನೀರು ತುಳುಕದ ಹಾಗೆ ನಡೆದಾಗ ಹೆಜ್ಜೆ ತಾನಾಗಿ ಚಿಕ್ಕದಾಯಿತು. ಬೀದಿಯವರು ಬಾಗಿಲಿಗೆ ಬಂದು ನಕ್ಕರು. ನಗಲಿ ಬಿಡು. ಅವನು ಕಲ್ಲನ್ನೆಲ್ಲ ಕಿತ್ತು ಆ ಹೆಜ್ಜೆಗೆ ಮತ್ತೆ ಹೂಳಿದ.

ಆದರೆ ಹೊಸ ಚಿಂತೆ ಹತ್ತಿತು. ಹರಡಿದ ಎಲೆ ಉಳಿಯುತ್ತಿರಲಿಲ್ಲ. ಹಾಕುತ್ತಾನೆ, ಇಳಿಯುತ್ತದೆ. ಮತ್ತೆ ಹಾಕುತ್ತಾನೆ, ಮತ್ತೆ ಇಳಿಯುತ್ತದೆ. ಸವೆಯದ ಹಿತ್ತಾಳೆ ಮಾರಿದವನಿಗೆ ಇದು ಹೇಗೆ ಸಹ್ಯವಾದೀತು? ಒಂದು ದಿನ ಬೇಸತ್ತು ಎಲ್ಲಿ ಹೋಗುತ್ತದೆ ನೋಡೇಬಿಡೋಣ ಎಂದು ಎಲೆಯ ಕೆಳಗೆ ಬೆರಳು ತೂರಿದ. ಬೆರಳಿಗೆ ಮೆತ್ತಗೆ ಕಪ್ಪು ಮಣ್ಣು ಹತ್ತಿತು. ಬಹಳವಿಲ್ಲ, ಉಗುರಿನಷ್ಟು. ಗಾಡಿಯಲ್ಲಿ ಹೇರಿಸಿ ಕಳಿಸಿದ್ದನಲ್ಲ, ಅದೇ ಮಣ್ಣು. ಅವಳು ಮದುವೆಯಾಗಿ ಬಂದಂದಿನಿಂದ ಸಾಯುವವರೆಗೆ ಗುಡಿಸಿದ ಬೆಳಗುಗಳೆಲ್ಲ ಆ ಗಾಡಿಯಲ್ಲಿ ಇದ್ದವು.

ಅವನು ಊರ ಹೊರಗಿನ ತಗ್ಗಿಗೆ ಓಡಿದ. ಅಲ್ಲಿ ಹುಲ್ಲು ಬೆಳೆದಿತ್ತು. ಯಾವುದು ಅವಳ ಮಣ್ಣು, ಯಾವುದು ಊರಿನ ಮಣ್ಣು, ಗುರುತು ಹತ್ತಲಿಲ್ಲ. ಹುಲ್ಲಿನ ನಡುವೆ ಕುಳಿತು ಅತ್ತ. ಜೋರಾಗಿಯೇ ಅತ್ತ. ಹೆಂಡತಿ ಸತ್ತ ದಿನವೂ ಅವನು ಹಾಗೆ ಅತ್ತಿರಲಿಲ್ಲ.

ಅಂದು ಮತ್ತೆ ಕನಸು. ಬೀದಿಯಲ್ಲಿ ಅವಳು. ಈ ಸಲ ಕೇಳಲಿಲ್ಲ, ನಿಲ್ಲಲಿಲ್ಲ. ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಬಂದಳು. ಒಂದು ಹೆಜ್ಜೆಯೂ ತಪ್ಪಲಿಲ್ಲ. ಮರದ ಕೆಳಗೆ ಕುಳಿತಳು. ಎಲೆಗಳ ಮೇಲೆ ಹೂವು ಬೀಳುತ್ತಲೇ ಇತ್ತು, ಸದ್ದಿಲ್ಲದೆ. ಅವಳು ತಲೆ ಬಗ್ಗಿಸಿ ಆಯುತ್ತಲೇ ಇದ್ದಳು. ಅವಳ ಮುಖ ಕಾಣಲಿಲ್ಲ. ಒಮ್ಮೆ ಕತ್ತೆತ್ತಿದರೆ ಸಾಕು ಎಂದು ಅವನು ಕಾದ. ಕರೆದರೆ ಕನಸು ಒಡೆದೀತೆಂದು ಕರೆಯಲಿಲ್ಲ. ಬುಟ್ಟಿ ತುಂಬಿತು. ಅವಳು ಎದ್ದು ಮನೆಯ ಒಳಕ್ಕೆ ಹೋದಳು. ಒಳಕ್ಕೆ, ಗುರುಶಾಂತ. ಬೀದಿಗಲ್ಲ.

ಅವನಿಗೆ ಎಚ್ಚರವಾಯಿತು. ಕಣ್ಣು ಮುಚ್ಚಿ ಮುಖವನ್ನು ನೆನೆಯಲು ನೋಡಿದ. ಬರಲಿಲ್ಲ. ಆಗಲೇ ಬೆಳಕು ಹರಿದಿತ್ತು, ಗುಡಿಸುವ ಹೊತ್ತು. ಎದ್ದು ಪೊರಕೆ ಹಿಡಿದ. ಬೀದಿಯ ಕಡೆಯಿಂದ ಮರದ ಕಡೆಗೆ ಗುಡಿಸಿಕೊಂಡು ಬಂದ. ಎಲೆ ಹರಡಿದ. ಹರಡಿ ಮುಗಿಸಿ ನೋಡಿದರೆ, ಬುಡದ ಸುತ್ತ ಒಂದು ಗೇಣು ಜಾಗ ಬಿಟ್ಟಿತ್ತು. ಬಿಡಬೇಕೆಂದು ಅವನು ನೆನಪಿಟ್ಟುಕೊಂಡಿರಲಿಲ್ಲ. ಕೈಯೇ ಬಿಟ್ಟಿತ್ತು. ಅಲ್ಲಿ, ಕೊಳೆತ ತೊಗಟೆಯ ಪಕ್ಕದಲ್ಲಿ, ಒಂದು ಚಿಗುರು ಒಡೆದಿತ್ತು.

ಗುರುಗಳು ಕತೆ ನಿಲ್ಲಿಸಿದರು. ಜಗಲಿಯ ಅಂಚಿಗೆ ಬಿಸಿಲು ಬಂದಿತ್ತು.

ಗುರುಶಾಂತ ತಡೆಯಲಾರದೆ ಕೇಳಿದ: "ಆಮೇಲೆ ಅವನಿಗೆ ಹೆಂಡತಿಯ ಮುಖ ನೆನಪಾಯಿತೇ, ಬುದ್ಧಿ?"

ಗುರುಗಳು ತಮ್ಮ ಕಾಲುಗಳ ಕಡೆ ನೋಡಿದರು.

"ಅದಿರಲಿ, ಕಂಬಳಿ ಹೊದಿಸಿ ಅಂಚನ್ನು ಹಿಮ್ಮಡಿಯ ಕೆಳಗೆ ಹೀಗೆ ಮಡಚಿ ಸಿಕ್ಕಿಸುವುದನ್ನು ನಿನಗೆ ಯಾರು ಕಲಿಸಿದರು?"