ಕೈಯಿಲ್ಲದ ಮಾತು

"ಗುರುಗಳೇ, ಒಂದು ಸಂಶಯ," ಎಂದ ಶಿಷ್ಯ. "ಹಿಂದೆ ಊರಲ್ಲಿ ನಾಲ್ಕು ಜನ ದೊಡ್ಡವರು ಮಾತಾಡುತ್ತಿದ್ದರು, ಉಳಿದವರು ಕೇಳಿಸಿಕೊಂಡು ಎದ್ದು ಹೋಗುತ್ತಿದ್ದರು. ಈಗ ಇಂಟರ್ನೆಟ್ ಬಂದು ಎಲ್ಲರಿಗೂ ಬಾಯಿ ಕೊಟ್ಟಿದೆ. ಕೂಲಿಯವನ ಮಾತೂ ದಿಲ್ಲಿಗೆ ಮುಟ್ಟುತ್ತದೆ. ಇಷ್ಟು ಬಾಯಿ ತೆರೆದ ಮೇಲೆ ಪ್ರಜಾಪ್ರಭುತ್ವ ಗಟ್ಟಿಯಾಗಬೇಕಿತ್ತಲ್ಲ? ದಿನೇ ದಿನೇ ಯಾಕೆ ಸೊರಗುತ್ತಿದೆ?"

ನಡೆಯುತ್ತಿದ್ದ ಗುರು ನಿಂತರು. ದಾರಿಬದಿಯ ಕಲ್ಲಿನ ಮೇಲೆ ಕೂತು ಹೇಳತೊಡಗಿದರು. ದನಿಯಲ್ಲಿ ಸಿಟ್ಟಿತ್ತು.

ಒಂದು ಊರಿತ್ತು. ಊರಿನ ತಲೆಯ ಮೇಲೆ ಒಂದು ಕೆರೆ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಕೆಲಸಕ್ಕೆ ಊರೇ ಒಬ್ಬರನ್ನು ಆರಿಸುತ್ತಿತ್ತು. ವರ್ಷಕ್ಕೊಮ್ಮೆ ಎಲ್ಲರೂ ಕೆರೆ ಏರಿಯ ಮೇಲೆ ಕೂಡುತ್ತಿದ್ದರು. ನೀರು ಬಿಡುವವರ ಮೇಲೆ ದೂರಿದ್ದರೆ ಅಲ್ಲೇ ಹೇಳಬೇಕು. ಹೇಳುವುದಕ್ಕೆ ಒಂದು ಕಟ್ಟಳೆ ಇತ್ತು. ಯಾರ ಮೇಲೆ ದೂರೋ ಅವರ ಕೈ ಹಿಡಿದುಕೊಂಡು ಹೇಳಬೇಕು. ಹೇಳಿ ಮುಗಿಯುವ ತನಕ ಬಿಡುವಂತಿಲ್ಲ. ಅವರು ಉತ್ತರ ಕೊಡುವ ತನಕವೂ ಬಿಡುವಂತಿಲ್ಲ.

ಇದೇನು ಮಹಾ ಎನ್ನಬೇಡ. ಇನ್ನೊಬ್ಬರ ಕೈ ಹಿಡಿದುಕೊಂಡು ಅವರ ಮೇಲೆ ಸುಳ್ಳು ಹೇಳಿ ನೋಡು, ಗೊತ್ತಾಗುತ್ತದೆ. ಆ ಕೈ ಬೆವರುತ್ತದೆ, ಇಲ್ಲವೇ ಬಂಡೆಯ ಹಾಗೆ ಅಲುಗದೆ ನಿಲ್ಲುತ್ತದೆ. ಹತ್ತು ಮಾತು ಹೇಳಬೇಕೆಂದು ಎದ್ದವನು ಎರಡು ಹೇಳಿ ಕೂತದ್ದುಂಟು. ನಿಜವಾದ ದೂರು ಮಾತ್ರ ಕೊನೆಯ ತನಕ ನಿಲ್ಲುತ್ತಿತ್ತು. ಹಾಗೆ ತೂಬಿನ ಕೆಲಸ ಕಳೆದುಕೊಂಡವರೂ ಇದ್ದರು.

ಆ ಕಾಲಕ್ಕೆ ತೂಬು ಒಬ್ಬ ಹೆಂಗಸಿನ ವಶದಲ್ಲಿತ್ತು. ಗಂಡ ಸತ್ತವಳು, ಬಾಯಿ ಜೋರು. ಕಾಲುವೆಯ ಕೊನೆಯಲ್ಲಿದ್ದ ಬಡವರ ಗದ್ದೆಗೆ ಮೊದಲು ನೀರು, ತೂಬಿನ ಪಕ್ಕದ ಉಳ್ಳವರ ಗದ್ದೆಗೆ ಆಮೇಲೆ ಎನ್ನುತ್ತಿದ್ದಳು. ನಿಮ್ಮ ಗದ್ದೆಗೆ ಕೆರೆ ಬಸಿದ ನೀರೇ ಸಾಕು, ಒಂದು ದಿನ ತಡೆದರೆ ಪೈರೇನೂ ಮುನಿಸಿಕೊಳ್ಳುವುದಿಲ್ಲ ಎಂದು ಉಳ್ಳವರ ಮುಖಕ್ಕೇ ಹೇಳುತ್ತಿದ್ದಳು. ಅವಳಿಗೆ ಆ ಕೆಲಸವೇ ಅನ್ನ, ಆ ಕೆಲಸವೇ ಮಾನ. ತೂಬಿನ ಮಗ್ಗುಲಲ್ಲೇ ಅವಳ ಗುಡಿಸಲು.

ಒಂದು ದಿನ ಒಬ್ಬ ವರ್ತಕ ಬಂದ. ಗಾಡಿಯ ತುಂಬ ಮಾತು ಕಲಿತ ಗೊರವಂಕ ಹಕ್ಕಿಗಳು. ಮನೆಗೊಂದು ಕೊಟ್ಟ. ಬೆಲೆ ಕೇಳಿದರೆ ನಾಲಿಗೆ ಕಚ್ಚಿಕೊಂಡ. ಈ ಮನೆಯಲ್ಲಿ ಆಡಿದ್ದನ್ನು ಹಕ್ಕಿ ಆ ಮನೆಗೆ ಮುಟ್ಟಿಸುತ್ತದೆ, ಅದಕ್ಕೆ ಕಾಳು ಕೂಡ ನನ್ನದೇ ಎಂದ.

ಊರಿಗೆ ಒಳ್ಳೆಯದೂ ಆಯಿತು, ಇಲ್ಲವೆನ್ನಬಾರದು. ಕೊನೆಯ ಮನೆಯಲ್ಲಿ ಹೆರಿಗೆ ನೋವು ಕಂಡರೆ ಸೂಲಗಿತ್ತಿಗೆ ಆ ಕ್ಷಣವೇ ತಿಳಿಯಿತು. ತಪ್ಪಿಸಿಕೊಂಡ ಎಮ್ಮೆ ಸಂಜೆಯೊಳಗೆ ಸಿಕ್ಕಿತು. ದೊಡ್ಡವರ ಜಗಲಿ ಹತ್ತಲಾಗದವನ ಮಾತು ಜಗಲಿ ದಾಟಿ ನಡುಮನೆಗೆ ಹೋಯಿತು.

ಒಬ್ಬ ಮುದುಕನಿಗೆ ಮಾತ್ರ ಸಮಾಧಾನವಿರಲಿಲ್ಲ.

"ಅಲ್ಲಯ್ಯಾ ಸಾಹುಕಾರ, ನಿನ್ನ ಹಕ್ಕಿ ಒಬ್ಬರ ಮೇಲೆ ದೂರು ತಂದರೆ ಅವರ ಕೈ ಹಿಡಿಯುವವರು ಯಾರು?" ಎಂದು ಕೇಳಿದ.

"ಅಜ್ಜಾ, ಹಕ್ಕಿಗೆ ಕೈ ಎಲ್ಲಿದೆ? ಅದು ಹೇಳುವುದಿಲ್ಲ, ಹೊರುತ್ತದೆ ಅಷ್ಟೆ. ಹೊರುವವರ ತಪ್ಪೇನು?" ಎಂದ ವರ್ತಕ.

ಜನ ಗೊಳ್ಳೆಂದು ನಕ್ಕರು. ಅಜ್ಜನಿಗೆ ಅರಳುಮರಳು ಎಂದರು. ಕಟ್ಟಳೆ ಕೈ ಇದ್ದವರಿಗೆ, ಹಕ್ಕಿಗಲ್ಲ ಎಂದು ಹಿರಿಯರು ತೀರ್ಮಾನಿಸಿದರು. ಅಲ್ಲಿಗೆ ಕೆಟ್ಟಿತು.

ವರ್ತಕ ಒಂದು ವಿಷಯ ಬಾಯಿಬಿಟ್ಟಿರಲಿಲ್ಲ. ಯಾವ ಮಾತಿಗೆ ಮನೆಯವರು ಕೈಲಿದ್ದ ಕೆಲಸ ಬಿಟ್ಟು ಕಿವಿ ಕೊಡುತ್ತಾರೋ ಆ ಮಾತಿಗೆ ಮಾತ್ರ ಹಕ್ಕಿಗೆ ಕಾಳು. ಹಾಗೆ ಪಳಗಿಸಿದ್ದ. ಬೆಳೆ ಚೆನ್ನಾಗಿದೆ ಎಂದರೆ ಯಾರು ತಲೆ ಎತ್ತುತ್ತಾರೆ? ಹಕ್ಕಿ ಅಂಥ ಮಾತು ಮರೆಯಿತು. ಕಳ್ಳರು, ದ್ರೋಹಿಗಳು, ನಮ್ಮ ಕೇರಿ, ಅವರ ಕೇರಿ, ಇವನ್ನು ಕಲಿಯಿತು.

ಒಬ್ಬ ರೈತ, ಸರದಿ ತಡವಾದ ಬೇಸರಕ್ಕೆ, ಉಣ್ಣುತ್ತ ಕೂತಾಗ ಹೆಂಡತಿಯ ಹತ್ತಿರ, ಆ ಹೆಂಗಸು ಯಾರಿಗೆ ನೀರು ಬಿಡುತ್ತಾಳೋ ಏನೋ ಎಂದ. ಅಷ್ಟೇ ಅಂದದ್ದು. ಹಕ್ಕಿ ಹೊತ್ತುಕೊಂಡು ಹೋಯಿತು. ಹೋದ ಮನೆಯವರು ಒಂದೊಂದು ಒಗ್ಗರಣೆ ಹಾಕಿದರು. ಮೇಲುಕೇರಿಯಲ್ಲಿ ಅದು, ಅವಳು ಕೆಳಕೇರಿಯವರಿಗೆ ನೀರು ಕದ್ದು ಬಿಡುತ್ತಾಳೆ ಎಂದಾಯಿತು. ಕೆಳಕೇರಿಯಲ್ಲಿ, ಮೇಲುಕೇರಿಯವರಿಗೆ ನೀರು ಮಾರಿಕೊಂಡಿದ್ದಾಳೆ ಎಂದಾಯಿತು. ಎರಡೂ ನಿಜವಾಗುವುದು ಹೇಗೆ ಎಂದು ಕೇಳುವವರಿಲ್ಲ. ಯಾಕೆಂದರೆ ಯಾವ ಕೇರಿ ಯಾವ ಮಾತಿಗೆ ಕಿವಿ ಕೊಡುತ್ತದೋ ಅದನ್ನಷ್ಟೇ ಹಕ್ಕಿ ಅಲ್ಲಿ ಆಡುತ್ತಿತ್ತು, ಒಂದು ಕೇರಿ ಕೇಳಿದ್ದು ಇನ್ನೊಂದು ಕೇರಿಗೆ ಗೊತ್ತೇ ಇಲ್ಲ. ಯಾರ ಗದ್ದೆಗೆ ಅವಳು ಎಲ್ಲರಿಗಿಂತ ಮೊದಲು ನೀರು ಕೊಟ್ಟಿದ್ದಳೋ ಅವರೂ ಹಲ್ಲು ಕಡಿದರು. ನಾಚಿಕೆಗೇಡು.

ವರ್ಷ ತುಂಬಿತು. ಊರು ಏರಿಯ ಮೇಲೆ ಕೂಡಿತು. ಹೆಂಗಸು ನಡುವೆ ಬಂದು ನಿಂತು ಬಲಗೈ ಚಾಚಿದಳು.

"ಬನ್ನಿ, ಹಿಡೀರಿ. ಏನು ತಪ್ಪು ಮಾಡಿದೀನಿ, ಹೇಳಿ."

ಯಾರೂ ಏಳಲಿಲ್ಲ. ಹಿಂದಿನಿಂದ ಒಬ್ಬ, "ಊರೆಲ್ಲ ಹೇಳ್ತಾ ಇದೆಯಲ್ಲಮ್ಮ," ಎಂದ.

"ಊರೇ ಇಲ್ಲಿ ಕೂತಿದೆಯಲ್ಲಪ್ಪ, ಒಬ್ಬರಾದರೂ ಎದ್ದು ಬರಲಿ," ಎಂದಳು. "ಹಕ್ಕಿ ಮುಂದೆ ಇದ್ದ ಬಾಯಿ ನನ್ನ ಮುಂದೆ ಎಲ್ಲಿ ಹೋಯ್ತು?"

ಆ ರೈತ ತಲೆ ಬಗ್ಗಿಸಿ ಹುಲ್ಲು ಕೀಳುತ್ತ ಕೂತಿದ್ದ. ತಾನು ಆಡಿದ್ದು ಚಿಕ್ಕ ಮಾತು, ಊರು ಆಡುತ್ತಿರುವುದು ಬೇರೆ ಯಾವುದೋ ದೊಡ್ಡ ಮಾತು ಎಂದುಕೊಂಡಿದ್ದ. ಕೈ ಸೋಲುವ ತನಕ ಅವಳು ಚಾಚಿಕೊಂಡೇ ನಿಂತಳು. ಹಿಡಿಯುವುದಕ್ಕೆ ಒಂದು ಕೈಯೂ ಬರಲಿಲ್ಲ. ಆಮೇಲೆ ಹಿರಿಯರು, ಇನ್ನು ತೂಬು ಯಾರಿಗೆ ಎಂದು ಕೇಳಿದರು. ವರ್ತಕನ ಬೆನ್ನಿಗೇ ಬಂದು ಊರಲ್ಲಿ ನೆಲೆಸಿದ್ದ ಅವನ ಭಾವಮೈದುನನ ಹೆಸರು ಬಂತು. ಆಗ ಎಲ್ಲ ಕೈಗಳೂ ಒಟ್ಟಿಗೆ ಮೇಲೆದ್ದವು.

ನ್ಯಾಯವಾಗಿಯೇ ನಡೆಯಿತು ಎನ್ನುತ್ತಾರೆ. ಎಲ್ಲರೂ ಬಂದಿದ್ದರು, ಎಲ್ಲರೂ ಕೈ ಎತ್ತಿದರು, ಯಾರೂ ಯಾರನ್ನೂ ಬಲವಂತ ಮಾಡಲಿಲ್ಲ. ಇದಕ್ಕಿಂತ ಹೊಲಸು ಏನಿದೆ ಹೇಳು. ಕದ್ದವನಿಗೆ ತಾನು ಕದ್ದೆನೆಂಬುದಾದರೂ ಗೊತ್ತಿರುತ್ತದೆ. ಇವರು ಒಬ್ಬಳ ಅನ್ನ ಕಸಿದುಕೊಂಡು, ಊರು ಉಳಿಸಿದೆವು ಎಂದು ಮನೆಗೆ ಹೋಗಿ ಉಂಡರು. ಅವತ್ತೇ ಅವಳ ಗುಡಿಸಲಿನ ಸೂರು ಕಿತ್ತು ಹಾಕಿದರು. ಯಾರು ಕಿತ್ತರು ಎಂದರೆ, ಊರು ಎನ್ನುತ್ತಾರೆ. ಅವಳು ಒಂದು ಗಂಟು ಕಟ್ಟಿಕೊಂಡು ಏರಿಯ ಮೇಲೆ ನಡೆದು ಹೊರಟುಹೋದಳು.

ಈಗ ನೀರು ಮೊದಲು ಹೋಗುವುದು ವರ್ತಕ ಕೊಂಡ ಗದ್ದೆಗಳಿಗೆ. ಕೊನೆಯ ಗದ್ದೆಗಳು ಬಿರಿದಿವೆ. ಆ ಗದ್ದೆಗಳವರಿಗೆ ಸಿಟ್ಟು ಬಂದಿದೆ. ಆ ಸಿಟ್ಟು ಯಾರ ಮೇಲೆ ಎಂಬುದನ್ನು ಹಕ್ಕಿ ಬೆಳಗಾಗೆದ್ದು ಹೇಳಿಕೊಡುತ್ತದೆ.

ಗುರು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಮೈಯೆಲ್ಲ ಉರಿಯಿತು. ಆ ವರ್ತಕನಿಗೆ ಶಿಕ್ಷೆಯಾಯಿತೇ, ಹಕ್ಕಿಗಳನ್ನು ಯಾರಾದರೂ ಓಡಿಸಿದರೇ, ಕೊನೆಗೆ ಆ ರೈತನಾದರೂ ಒಪ್ಪಿಕೊಂಡನೇ ಎಂದು ಒಂದೇ ಉಸಿರಿಗೆ ಕೇಳಿದ.

ಗುರು ಎದ್ದು ನಿಂತರು.

"ಎಲ್ಲರ ವಿಷಯವನ್ನೂ ನೀನು ಕೇಳಿದೆ ಮಗಾ, ಅವಳು ಎಲ್ಲಿಗೆ ಹೋದಳೆಂದು ಮಾತ್ರ ನೀನೂ ಕೇಳಲಿಲ್ಲ."