ತಂತಿ ಹಿಂದೆ ಸರಿದಾಗ

ರಕ್ತನಾಳದೊಳಗೆ ತೂರಿಸುವ ಕೊಳವೆ ಮಾಡುವ ಕಾರ್ಖಾನೆಯಲ್ಲಿ ಮಾಲೀಕರು ಗುಡುಗಿದರು. "ದಾರಿ ತೋರಿಸೋ ತಂತೀನೂ ಒಳಗ ನೋಡೋ ಅಲ್ಟ್ರಾಸೌಂಡೂ ತುದೀತನಕ ಹೋಗಬೇಕು. ತುದಿ ದಪ್ಪ ಆಗಬಾರದು! ಇಲ್ಲಾಂದ್ರ ಎಲ್ಲಾರೂ ಮನೀ ದಾರಿ ಹಿಡೀರಿ!"

ಕೊಳವೆ ಬೆಸೆಯುವ ಮಲ್ಲವ್ವನಿಗೆ ತನ್ನ ಇಕ್ಕಟ್ಟಿನ ಓಣಿ ನೆನಪಾಯಿತು. ಅಲ್ಲಿ ಒಂದು ಗಾಡಿ ಹಿಂದೆ ಸರಿದರಷ್ಟೇ ಇನ್ನೊಂದು ಮುಂದೆ ಹೋಗುತ್ತಿತ್ತು. ಅವಳು ಹಿಂಭಾಗಕ್ಕೆ ಎರಡು ದಾರಿ, ತುದಿಗೆ ಒಂದೇ ದಾರಿ ಇಟ್ಟು ಬೆಸೆದಳು. ಪರೀಕ್ಷೆಗೆ ತಂದಿಟ್ಟಿದ್ದ ಕುರಿಯ ರಕ್ತನಾಳದೊಳಗೆ ಮೊದಲು ತಂತಿ, ಅದರ ಮೇಲೆ ಕೊಳವೆ ಹೋಯಿತು. ತಂತಿಯನ್ನು ಕೊಳವೆಯ ಹಿಂಭಾಗಕ್ಕೆಳೆದು, ತುದಿಯ ಅದೇ ದಾರಿಗೆ ಅಲ್ಟ್ರಾಸೌಂಡ್ ಬಿಟ್ಟಳು.

ಒಳಗಿನ ಚಿತ್ರ ಮೂಡುವ ಪರದೆಗೆ ಅಡ್ಡವಾಗಿ ಮಾಲೀಕರೇ ನಿಂತಿದ್ದರು.

"ಸಾಹೇಬ್ರ, ದಾರಿ ತೋರಿಸಿದವರು ಹಿಂದ ಸರೀಬೇಕ್ರಿ. ನೋಡೋರಿಗೆ ಜಾಗ ಬೇಕಲ್ರಿ!" ಅಂದಳು ಮಲ್ಲವ್ವ.

ಅವರು ಸರಿದರು. ಚಂದ್ರನ ಸುತ್ತ ಬಳೆ ಕಟ್ಟಿದಂತೆ ನಾಳದ ಗೋಡೆ ಪರದೆ ತುಂಬ ಬೆಳಗಿತು.

ಮಾಲೀಕರು ತಾವಾಗಿಯೇ ಇನ್ನೊಂದು ಹೆಜ್ಜೆ ಹಿಂದೆ ಸರಿದರು.