ಪೆನ್‌ಡ್ರೈವ್ ಹತ್ತದ ಹಾಡು

ಸಂಗೀತದ ಮೇಡಂ ಗಿರಿಜಾಂಬ ಅವರ ಬೀಳ್ಕೊಡುಗೆಗೆಂದು ಹದಿನೆಂಟು ಫೋಟೋಗಳು ಶಾಲೆಯ ಆಫೀಸಿನ ಕಂಪ್ಯೂಟರ್‌ನಲ್ಲಿ ಸ್ಲೈಡ್‌ಶೋ ಆಗಿ ಸಾಲಾಗಿ ನಿಂತಿದ್ದವು. ಎಲ್ಲದರಲ್ಲೂ ಮೇಡಂ ಬಾಯಿ ಅಗಲಿಸಿ ಹಾಡುತ್ತಿದ್ದರು. ಹಿನ್ನೆಲೆಗೆ ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿದ ಒಂದು ಹಾಡಿತ್ತು.

ಫೋಟೋಗಳು ಪೆನ್‌ಡ್ರೈವ್ ಹತ್ತುವಾಗ ಹಾಡು ಕೂಗಿತು: "ಅಕ್ಕಂದಿರಾ, ನನ್ನನ್ನೂ ಹತ್ತಿಸಿಕೊಳ್ಳಿ. ನಿಮ್ಮ ಹತ್ತಿರ ಇರೋದು ನನ್ನ ವಿಳಾಸ ಮಾತ್ರ, ನಾನಿರೋದು ಈ ಕಂಪ್ಯೂಟರ್‌ನಲ್ಲಿ."

"ವಿಳಾಸ ಸಾಕು ಬಿಡಪ್ಪಾ," ಎಂದಿತು ಜರಿಸೀರೆಯ ಮೊದಲನೇ ಫೋಟೋ. "ಜನ ಬರೋದು ನಮ್ಮ ಮುಖ ನೋಡೋಕೆ. ಬೇಕಾದರೆ ಅಲ್ಲಿಂದ ಕರೀತೀವಿ."

ಪೆನ್‌ಡ್ರೈವ್ ಸಭಾಂಗಣದ ಲ್ಯಾಪ್‌ಟಾಪ್ ಸೇರಿತು, ದೀಪ ಆರಿತು. ಮೊದಲನೇ ಫೋಟೋ ಪರದೆಗೆ ಬಂದು ಠೀವಿಯಿಂದ ಕರೆಯಿತು: "ಹಾಡಪ್ಪಾ, ಶುರು ಮಾಡು!"

ಹಾಡು ಆಫೀಸಿನ ಕಂಪ್ಯೂಟರ್‌ನಲ್ಲೇ ಉಳಿದಿತ್ತು. ಸ್ಪೀಕರು ಒಮ್ಮೆ ಗೊರ್ ಎಂದು ಸುಮ್ಮನಾಯಿತು.

ಎರಡನೇ ಫೋಟೋ ಬಾಯಿ ತೆರೆದುಕೊಂಡೇ ಬಂತು. ಮೂರನೆಯದೂ ಹಾಗೇ.

"ಇವೆಲ್ಲ ಹಲ್ಲಿನ ಡಾಕ್ಟರ್ ತೆಗೆದ ಫೋಟೋಗಳಾ?" ಎಂದು ಹಿಂದಿನ ಬೆಂಚು ಕೇಳಿತು. ಸಭೆಯೆಲ್ಲ ಗೊಳ್ಳೆಂದಿತು.

ಫೋಟೋಗಳು ದಂಗಾದವು. ಬಾಯಿ ಮುಚ್ಚಿಕೊಳ್ಳೋಣ ಎಂದರೆ ಫೋಟೋಗಳಿಗೆ ಅದು ಬರುವುದಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಗಿರಿಜಾಂಬ ಮೇಡಂ ತಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡರು.

ಇನ್ನೂ ಹದಿನೈದು ಫೋಟೋ ಬಾಕಿ ಇದ್ದವು.